ಟೆಲಿಫೋನ್ ತಂತಿಯ ಮುಚ್ಚಳ

ಮಕ್ಕಳೇ, ನೀರು ತುಂಬಿದರೂ ಸೋರದ ಬುಟ್ಟಿಯಿದೆ ಎಂದರೆ ನಂಬುತ್ತೀರಾ? ದಕ್ಷಿಣ ಆಫ್ರಿಕದ ಕ್ವಾಝುಲು-ನಟಾಲ್ ಪ್ರಾಂತದ ಜುಲು ಜನ ಅದನ್ನು ಇಲಾಲ ಎಂಬ ತಾಳೆಯ ಗರಿಯಿಂದ ಹೆಣೆಯುತ್ತಾರೆ. ಹುಲ್ಲಿನ ಸಣ್ಣ ಕಂತೆಯನ್ನು ಚಕ್ಕುಲಿಯ ಹಾಗೆ ನಡುವಿನಿಂದ ಸುತ್ತುತ್ತಾ, ಪ್ರತಿ ಸುತ್ತನ್ನೂ ಸೀಳಿದ ಗರಿಯಿಂದ ಹಿಂದಿನ ಸುತ್ತಿಗೆ ಬಿಗಿದು ಹೊಲಿಯುತ್ತಾರೆ. ಒದ್ದೆಯಾದಾಗ ಗರಿ ಉಬ್ಬಿ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ದೊಡ್ಡ ಬುಟ್ಟಿಯೆಂದರೆ ವಾರಗಟ್ಟಲೆ ಕೆಲಸ. ಗರಿಗೆ ಬಣ್ಣ ಕಟ್ಟುವುದು ಬೇರು, ತೊಗಟೆ, ಎಲೆಗಳನ್ನು ಕುದಿಸಿದ ನೀರಿನಲ್ಲಿ.

ಇವುಗಳಲ್ಲಿ ನನಗೆ ಅಚ್ಚುಮೆಚ್ಚು ಪುಟ್ಟದೊಂದು ವಸ್ತು, ಇಂಬೆಂಗೆ. ಜೋಳದಿಂದ ಮಾಡಿದ ಬಿಯರ್ ಇಟ್ಟ ಮಡಕೆಗೆ ಧೂಳು, ನೊಣ ಬೀಳದಂತೆ ಬೋರಲು ಹಾಕುವ ಮುಚ್ಚಳ ಅದು. ಆ ಬಿಯರ್ ಜುಲು ಮನೆಗಳಲ್ಲಿ ಅತಿಥಿಗಳಿಗೂ ಗತಿಸಿದ ಹಿರಿಯರಿಗೂ ಗೌರವದಿಂದ ಅರ್ಪಿಸುವಂಥದ್ದು. ಅಂದಮೇಲೆ ಮುಚ್ಚಳವೂ ಚೆಂದವಿರಬೇಡವೇ?

ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಗಂಡಸರು ಊರು ಬಿಟ್ಟು ಡರ್ಬನ್, ಜೋಹಾನ್ಸ್‌ಬರ್ಗ್‌ಗಳಿಗೆ ದುಡಿಯಲು ಹೋದರು. ಹಲವರಿಗೆ ಸಿಕ್ಕಿದ್ದು ರಾತ್ರಿ ಕಾವಲಿನ ಕೆಲಸ. ನಗರದಲ್ಲಿ ತಾಳೆಗರಿ ಎಲ್ಲಿಂದ ಬರಬೇಕು? ಕೈಗೆ ದಕ್ಕಿದ್ದು ಟೆಲಿಫೋನ್ ತಂತಿಯ ತುಂಡುಗಳು. ಮೊಬೈಲ್ ಕಾಲದ ನೀವು ನೋಡಿರಲಾರಿರಿ: ಆಗಿನ ಫೋನ್ ಕೇಬಲ್ ಸೀಳಿದರೆ ಒಳಗೆ ತೆಳುವಾದ ತಾಮ್ರದ ತಂತಿಗಳು. ಯಾವುದು ಯಾವ ಲೈನಿನದೆಂದು ಗುರುತು ಸಿಗಲೆಂದು ಅವಕ್ಕೆ ಕೆಂಪು, ನೀಲಿ, ಹಳದಿ, ಹಸಿರು ಪ್ಲಾಸ್ಟಿಕ್ ಹೊದಿಕೆ. ಕಾವಲುಗಾರರು ಉದ್ದನೆಯ ರಾತ್ರಿಗಳಲ್ಲಿ ಆ ತಂತಿಯನ್ನು ತಮ್ಮ ಕೋಲುಗಳಿಗೆ ಸುತ್ತಿ ಅಲಂಕರಿಸಿದರು. ಆಮೇಲೆ ಅದರಿಂದಲೇ ಇಂಬೆಂಗೆ ಹೆಣೆದರು! ಎಲಿಯಟ್ ಮ್ಖೀಜೆ ಈ ಕಲೆಯಲ್ಲಿ ದೊಡ್ಡ ಹೆಸರು.

ತಂತಿ ಬಂದದ್ದರಿಂದ ಕಲೆ ಕೆಟ್ಟಿತು ಎಂದು ನನಗೆ ಅನ್ನಿಸುವುದಿಲ್ಲ. ಇಲ್ಲಿಯೂ ಹೆಣಿಗೆ ನಡುವಿನಿಂದಲೇ ಹೊರಡುತ್ತದೆ, ಗರಿಯ ಬುಟ್ಟಿಯಲ್ಲಿದ್ದ ತ್ರಿಕೋನ, ವಜ್ರದಾಕಾರ, ಅಂಕುಡೊಂಕು ಗೆರೆಗಳು ಇಲ್ಲಿಯೂ ಇವೆ. ಜೊತೆಗೆ ಹಕ್ಕಿ, ಮನೆ, ಕಾರು, ಅಕ್ಷರಗಳೂ ಬಂದಿವೆ. ಈಗ ಹೆಂಗಸರೂ ತಂತಿ ಹೆಣೆಯುತ್ತಾರೆ, ಹೆಣಿಗೆಗೆಂದೇ ಹೊಸ ತಂತಿ ಕೊಂಡು ತರುತ್ತಾರೆ. ಮಡಕೆಯ ಮೇಲಿದ್ದ ಮುಚ್ಚಳ ಮನೆಗಳ ಗೋಡೆಗೂ ಹೊರದೇಶಗಳ ಮ್ಯೂಸಿಯಂಗೂ ಏರಿದೆ.

ಗರಿಯ ಬುಟ್ಟಿಯೂ ಅಳಿದಿಲ್ಲ. ತಗಡು, ಪ್ಲಾಸ್ಟಿಕ್ ಪಾತ್ರೆಗಳು ಬಂದು ಅದು ಮೂಲೆ ಸೇರುತ್ತಿದ್ದಾಗ, 1970ರ ದಶಕದಲ್ಲಿ ವುಕಾನಿ ಎಂಬ ಸಂಘ ಹಳ್ಳಿಗಳ ಹೆಣಿಗೆಗಾರರಿಗೆ ಮಾರುಕಟ್ಟೆ ಹುಡುಕಿಕೊಟ್ಟಿತು. ಹ್ಲಬಿಸ ಪ್ರದೇಶದ ರೂಬೆನ್ ನ್ಡ್ವಾಂಡ್ವೆ ಹೆಣೆದ ಬುಟ್ಟಿಗಳು ಸಂಗ್ರಹಕಾರರ ಕಣ್ಮಣಿಯಾದವು. ದಕ್ಷಿಣ ಆಫ್ರಿಕಕ್ಕೆ ಹೋಗುವ ಅವಕಾಶ ಸಿಕ್ಕರೆ ಎಶೋವೆ ಊರಿನ ವುಕಾನಿ ಮ್ಯೂಸಿಯಂಗೆ ಕರೆದುಕೊಂಡು ಹೋಗಲು ಅಪ್ಪ ಅಮ್ಮನನ್ನು ಕೇಳಿ.