ಸುಂಕದ ಬೇಲಿಯೊಳಗೆ ಏನು ಬೆಳೀತೀವಿ? ಸರ್ ಎಂ.ವಿ. ಲೆಕ್ಕ

ಪಂಪ್‌ವೆಲ್‌ನಲ್ಲಿ ಪುತ್ತೂರು, ಸುಳ್ಯದ ಬಸ್ಸಿಗೆ ಕಾಯುವವರ ನಡುವೆ ನಿಂತರೆ ನನ್ನ ಕಿವಿಗೆ ಬೀಳುವ ಮಾತು ಒಂದೇ: ಅಡಿಕೆ ಆಮದು ನಿಲ್ಲಬೇಕು. 2023ರಲ್ಲಿ ಕೇಂದ್ರ ಸರಕಾರ ಕನಿಷ್ಠ ಆಮದು ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಬೇಲಿ ಬೇಕು, ಒಪ್ಪಿದೆ. ಅದೊಂದೇ ಸಾಕಾ ಅಂದಾಗ ನನಗೆ ನೆನಪಾಗೋದು ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಂಜಿನಿಯರ್ ಆಗಿ ಹೆಸರು ಮಾಡಿ, 1912ರಲ್ಲಿ ಮೈಸೂರಿನ ದಿವಾನರಾದರು. ಬಂದರುಗಳ ಸುಂಕ ಬ್ರಿಟಿಷರ ಕೈಯಲ್ಲಿತ್ತು. ಬೇಲಿ ಹಾಕುವ ಅಧಿಕಾರ ಮೈಸೂರಿಗಿರಲಿಲ್ಲ. 1914ರ ಯುದ್ಧದಿಂದ ಯುರೋಪಿಗೆ ಹೋಗಬೇಕಿದ್ದ ಶ್ರೀಗಂಧ ಇಲ್ಲೇ ಉಳಿಯಿತು. ಅವರು ಇಲ್ಲೇ ಎಣ್ಣೆ ತೆಗೆಸಿದರು, ಸೋಪು ಮಾಡಿಸಿದರು. ದಿವಾನಗಿರಿ ಬಿಟ್ಟ ಮೇಲೂ, 1923ರಿಂದ ಭದ್ರಾವತಿ ಕಬ್ಬಿಣ ಕಾರ್ಖಾನೆಯ ಹೊಣೆ ಹೊತ್ತು, ಖರ್ಚು ಇಳಿಸಿ, ಅದನ್ನು ದಡ ಸೇರಿಸಿದರು. ಸ್ವದೇಶಿ ಉದ್ಯಮಕ್ಕೆ ಸುಂಕದ ರಕ್ಷಣೆ ಬೇಕೆಂದು ಕೊನೆವರೆಗೂ ವಾದಿಸಿದರು. ಶಿಸ್ತು, ಕೌಶಲವನ್ನೂ ಅಷ್ಟೇ ಗಟ್ಟಿಯಾಗಿ ಕೇಳಿದರು. 1962ರಲ್ಲಿ ತೀರಿಕೊಂಡರು.

351 ರೂಪಾಯಿಯ ಬೇಲಿ ನಮಗೆ ಕೊಡೋದು ಸಮಯ ಮಾತ್ರ. ಹಳದಿ ಎಲೆ ರೋಗಕ್ಕೆ ಮದ್ದು, ಪಾನ್ ಮಸಾಲೆಯಾಚೆಗೆ ಅಡಿಕೆಗೊಂದು ಬಳಕೆ, ಇವೆರಡನ್ನೂ ನಾವೇ ಹುಡುಕಬೇಕು. ದೆಹಲಿಗೆ ಮನವಿ ಕೊಡುವ ನಮ್ಮ ನಾಯಕರು ಇದಕ್ಕೂ ಲೆಕ್ಕ ಕೊಡಲಿ.