ಬರಗಾಲದ ಆ ಫೋಟೊ ತೆಗೆದವನು ಯಾರು? ಹೂಪರ್‌ನ ಕಥೆ ಮತ್ತು ನಮ್ಮ ಫಾರ್ವರ್ಡ್‌ಗಳು

ಮೂಳೆ ಚಕ್ಕಳವಾದ ಗಂಡಸರು, ಹೆಂಗಸರು, ಮಕ್ಕಳು ಸಾಲಾಗಿ ಕುಳಿತಿರುವ ಕಪ್ಪು-ಬಿಳುಪು ಫೋಟೊವೊಂದು ನಿಮ್ಮ ವಾಟ್ಸಾಪ್ ಗ್ರೂಪ್‌ಗೂ ಬಂದಿರಬಹುದು. ಕೆಳಗೆ ಸಾಮಾನ್ಯವಾಗಿ 1943ರ ಬಂಗಾಳದ ಬರಗಾಲ ಎಂದು ಬರೆದಿರುತ್ತದೆ. ಜೊತೆಗೆ ಚರ್ಚಿಲ್‌ನ ಹೆಸರು, ಕೊನೆಗೆ ಎಲ್ಲರಿಗೂ ಕಳಿಸಿ ಎಂಬ ಮನವಿ.

ಬಂಗಾಳದಲ್ಲಿ 1943ರಲ್ಲಿ ಬರಗಾಲ ಬಿದ್ದದ್ದು ನಿಜ. ಅದರಲ್ಲಿ ಲಕ್ಷಾಂತರ ಜನ ಸತ್ತದ್ದೂ ನಿಜ. ಆದರೆ ಈ ಹೆಸರಿನಲ್ಲಿ ಓಡಾಡುವ ಹಲವು ಚಿತ್ರಗಳು ಬಂಗಾಳದವಲ್ಲ. ಅವು 1876-78ರಲ್ಲಿ ದಕ್ಷಿಣ ಭಾರತದಲ್ಲಿ ತೆಗೆದವು. ತೆಗೆದಾತನ ಹೆಸರು ವಿಲ್ಲೋಬಿ ವಾಲೇಸ್ ಹೂಪರ್. ದುರಂತದ ಚಿತ್ರ ತೆಗೆಯುವುದು, ಹಂಚುವುದು ಎಷ್ಟರ ಮಟ್ಟಿಗೆ ಸರಿ ಎಂಬ ಚರ್ಚೆ ಬಂದಾಗಲೆಲ್ಲ ಈತನ ಹೆಸರೂ ಬರುತ್ತದೆ. ಏಕೆ ಎಂಬುದನ್ನು ನೋಡೋಣ.

ಯಾರು ಈ ಹೂಪರ್?

ಹೂಪರ್ ಹುಟ್ಟಿದ್ದು 1837ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಮದ್ರಾಸ್ ಸೇನೆಯ ಅಶ್ವದಳ ಸೇರಿ ಭಾರತಕ್ಕೆ ಬಂದ. ಕೆಲಸ ಸೈನ್ಯದ್ದು, ಹುಚ್ಚು ಕ್ಯಾಮೆರಾದ್ದು. ಆಗಿನ ಸರ್ಕಾರಕ್ಕೆ ತಾನು ಆಳುತ್ತಿದ್ದ ಜನರ ಜಾತಿ, ಬುಡಕಟ್ಟು, ಉಡುಗೆಗಳ ದಾಖಲೆ ಬೇಕಿತ್ತು. 1860ರ ದಶಕದಲ್ಲಿ ಹೂಪರ್ ಮಧ್ಯ ಭಾರತದಲ್ಲಿ ಸುತ್ತಾಡಿ ಅಂಥ ಚಿತ್ರಗಳನ್ನು ತೆಗೆದ. ಸರ್ಕಾರ ಎಂಟು ಸಂಪುಟಗಳಲ್ಲಿ ಹೊರತಂದ ಭಾರತದ ಜನರ ಚಿತ್ರಮಾಲೆಯಲ್ಲಿ ಅವು ಸೇರಿದವು.

ಮುಂದೆ ಜಾರ್ಜ್ ವೆಸ್ಟರ್ನ್ ಎಂಬ ಪಶುವೈದ್ಯನ ಜೊತೆ ಸೇರಿ ಬ್ರಿಟಿಷರ ಮನೆಬದುಕು, ಆಳುಕಾಳು, ಹುಲಿಬೇಟೆಯ ಚಿತ್ರಗಳನ್ನು ತೆಗೆದು ಮಾರಿದ. ಹುಲಿಬೇಟೆಯ ಚಿತ್ರಗಳಲ್ಲಿ ದೃಶ್ಯಗಳನ್ನು ಮೊದಲೇ ಜೋಡಿಸಿ ತೆಗೆಯಲಾಗಿತ್ತು. ಮನುಷ್ಯರನ್ನು ಒಂದು ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂರಿಸುವ ಕೈ ಹೂಪರ್‌ಗೆ ಅಷ್ಟರಲ್ಲಿ ಪಳಗಿತ್ತು.

ನಮ್ಮ ಸೀಮೆಯೂ ಕಂಡ ಬರ

1876ರಲ್ಲಿ ಮಳೆ ಕೈಕೊಟ್ಟಿತು. ಅದು ಧಾತು ಸಂವತ್ಸರ. ಮರುವರ್ಷ ಈಶ್ವರ ಸಂವತ್ಸರ. ಅದಕ್ಕೇ ಕನ್ನಡ ನಾಡಿನಲ್ಲಿ ಅದನ್ನು ಧಾತು-ಈಶ್ವರ ಬರ ಎಂದರು. ಮದ್ರಾಸ್ ಪ್ರಾಂತ್ಯ, ಮೈಸೂರು, ಹೈದರಾಬಾದ್, ಮುಂಬೈ ಪ್ರಾಂತ್ಯದ ದಕ್ಷಿಣ ಭಾಗ ಎಲ್ಲವೂ ಅದಕ್ಕೆ ಸಿಕ್ಕವು.

ಬಾಡಗಂಡಿ, ಬೀಳಗಿ, ಬಾಗಲಕೋಟೆ ಇರುವ ನಮ್ಮ ಸೀಮೆ ಆಗ ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿತ್ತು. ಪಕ್ಕದ ಜಮಖಂಡಿ, ಮುಧೋಳ ಬೇರೆ ಬೇರೆ ಸಂಸ್ಥಾನಗಳು. 1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರಲ್ಲಿ ಉಳಿದದ್ದು ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತಿದ್ದರು ಅಥವಾ ಊರು ಬಿಟ್ಟಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದಿಂದ 42 ಲಕ್ಷಕ್ಕೆ ಇಳಿಯಿತು.

ಇದೇ ಹೊತ್ತಿನಲ್ಲಿ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಅದ್ದೂರಿ ದರ್ಬಾರ್ ನಡೆಸಿದ. ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಖರ್ಚು ಉಳಿಸಲು ಪರಿಹಾರ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಕಾಸಿಗೆ ಇಳಿಸಲಾಯಿತು. ಒಂದು ಪೌಂಡ್ ಎಂದರೆ ಅರ್ಧ ಕೆಜಿಗೂ ಕಡಿಮೆ.

ಹೂಪರ್ ಕ್ಯಾಮೆರಾ ಹಿಡಿದು ಮದ್ರಾಸ್ ಪ್ರಾಂತ್ಯದ ಹಸಿದವರ ಮುಂದೆ ನಿಂತದ್ದು ಆಗ.

ಆ ಫೋಟೊ ತೆಗೆದದ್ದು ಹೇಗೆ?

ಇಲ್ಲಿ ಸ್ವಲ್ಪ ವಿಜ್ಞಾನ ತಿಳಿದಿರಬೇಕು. ಆ ಕಾಲದ ಹೊರಾಂಗಣ ಫೋಟೊಗ್ರಫಿಯಲ್ಲಿ ಚಾಲ್ತಿಯಲ್ಲಿದ್ದದ್ದು ಒದ್ದೆ ಗಾಜಿನ ವಿಧಾನ. ಗಾಜಿನ ಹಲಗೆಗೆ ಕಲೋಡಿಯನ್ ಎಂಬ ಅಂಟು ದ್ರಾವಣ ಹಚ್ಚಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕು. ಇದಕ್ಕೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಆದ್ದರಿಂದ ಕತ್ತಲೆ ಕೋಣೆಯ ಗುಡಾರವೂ ಜೊತೆಗೇ ಇರಬೇಕಿತ್ತು. ಲೆನ್ಸ್ ತೆರೆದ ಮೇಲೆ ಎದುರಿನವರು ಹಲವು ಸೆಕೆಂಡು ಅಲುಗಾಡದೆ ಕೂರಬೇಕಿತ್ತು.

ಅಂದರೆ ಆ ಚಿತ್ರಗಳಲ್ಲಿರುವವರು ದಾರಿಯಲ್ಲಿ ಹೋಗುವಾಗ ಅಕಸ್ಮಾತ್ತಾಗಿ ಸೆರೆಯಾದವರಲ್ಲ. ಅನ್ನವಿಲ್ಲದೆ ಸಾಯುತ್ತಿದ್ದವರನ್ನು ಒಂದೆಡೆ ಸೇರಿಸಿ, ದೊಡ್ಡವರು ಹಿಂದೆ, ಮಕ್ಕಳು ಮುಂದೆ ಎಂಬಂತೆ ಕೂರಿಸಿ, ಪಕ್ಕೆಲುಬು ಕಾಣುವಂತೆ ಬೆಳಕಿಗೆ ತಿರುಗಿಸಿ ತೆಗೆದ ಚಿತ್ರಗಳು ಅವು. ಒಂದು ಚಿತ್ರಕ್ಕೆ ಪುಕ್ಕಟೆ ಪರಿಹಾರಕ್ಕೆ ಯೋಗ್ಯರಾದವರು ಎಂಬ ಅರ್ಥದ ಹೆಸರಿದೆ. ಅದರಲ್ಲಿರುವ ಯಾರ ಹೆಸರೂ ಇಲ್ಲ.

ಅವರನ್ನು ಕೂರಿಸಿ, ಚಿತ್ರ ತೆಗೆದು, ಊಟ ಕೊಡದೆ ಕಳಿಸಿದ ಎಂಬ ಆರೋಪ ಹೂಪರ್ ಮೇಲೆ ಬಂತು. ಇಂದಿಗೂ ಅದನ್ನು ಇತಿಹಾಸಕಾರರು ಎತ್ತುತ್ತಾರೆ. ಊಟದ ಮಾತು ಹಾಗಿರಲಿ, ಒಪ್ಪಿಗೆಯ ಮಾತು ಇನ್ನೂ ಸರಳ. ಎದುರು ನಿಂತವನು ಬಿಳಿಯ ಸೇನಾಧಿಕಾರಿ. ಕೂತವರು ಗಂಜಿಗೆ ಕಾಯುತ್ತಿದ್ದವರು. ಬೇಡ ಎನ್ನುವ ಶಕ್ತಿ ಅವರಿಗೆ ಇರಲಿಲ್ಲ.

ಹಾಗಾದರೆ ತೆಗೆಯಲೇಬಾರದಿತ್ತೇ?

ಇಲ್ಲಿ ಉತ್ತರ ಅಷ್ಟು ಸುಲಭವಲ್ಲ. ಆಗ ಪತ್ರಿಕೆಗಳಲ್ಲಿ ಫೋಟೊವನ್ನು ನೇರವಾಗಿ ಅಚ್ಚು ಹಾಕುವ ತಂತ್ರ ಬಂದಿರಲಿಲ್ಲ. ಚಿತ್ರವನ್ನು ಮರದ ಅಚ್ಚಿನಲ್ಲಿ ಕೆತ್ತಿ ಮುದ್ರಿಸುತ್ತಿದ್ದರು. 1877ರ ಅಕ್ಟೋಬರ್ 20ರ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕೆ ಕಾಯುತ್ತಿರುವ ಜನರ ಇಂಥದೇ ಒಂದು ಕೆತ್ತನೆ ಬಂತು. ದಕ್ಷಿಣದ ಬರದ ಸುದ್ದಿ, ಕೆತ್ತನೆ, ಫೋಟೊಗಳು ಇಂಗ್ಲೆಂಡಿನ ಮನೆಗಳನ್ನು ತಲುಪಿದವು. ಲಂಡನ್ ಮೇಯರ್ ತೆರೆದ ನಿಧಿಗೆ ಲಕ್ಷಗಟ್ಟಲೆ ಪೌಂಡ್ ಸೇರಿತು.

ಹೂಪರ್‌ನ ಚಿತ್ರಗಳಿಗೆ ಇನ್ನೊಂದು ಬೆಲೆಯೂ ಇದೆ. ಬರವನ್ನು ಚೆನ್ನಾಗಿ ನಿಭಾಯಿಸಿದೆವು ಎನ್ನುವ ಯಾವ ಸರ್ಕಾರಿ ವರದಿಯ ಮುಂದೆಯೂ ಅವನ್ನು ಇಟ್ಟು ನೋಡಬಹುದು. ಆ ಸಾಕ್ಷಿ 150 ವರ್ಷದ ನಂತರವೂ ಉಳಿದಿದೆ. ತೆಗೆದವನ ಮನಸ್ಸು ಏನೇ ಇರಲಿ, ಚಿತ್ರ ಸತ್ತವರ ಪರವಾಗಿ ಮಾತಾಡುತ್ತಿದೆ.

ಆದರೆ ಮಂಡಾಲೆಯಲ್ಲಿ ನಡೆದದ್ದಕ್ಕೆ ಈ ಸಮಾಧಾನ ಹೇಳಲಾಗದು.

ಮಂಡಾಲೆಯ ಗೋಡೆ

1885ರ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆ ಬರ್ಮಾದ ಮಂಡಾಲೆಯನ್ನು ಹಿಡಿಯಿತು. ಅಲ್ಲಿನ ರಾಜ ತೀಬಾನನ್ನು ಗಡಿಪಾರು ಮಾಡಿ ಭಾರತಕ್ಕೆ ತಂದರು. ಆತ ಕೊನೆಯ ತನಕ ಕೊಂಕಣದ ರತ್ನಾಗಿರಿಯಲ್ಲಿದ್ದು ಅಲ್ಲೇ ಸತ್ತ. ರಾಜ ಹೋದ ಮೇಲೆ ಎದುರು ನಿಂತ ಬರ್ಮಾದವರನ್ನು ಡಕಾಯಿತರೆಂದು ಹಿಡಿದು ಗುಂಡಿಟ್ಟು ಕೊಲ್ಲುವುದು ನಡೆಯಿತು. ಆ ಶಿಕ್ಷೆಗಳ ಉಸ್ತುವಾರಿ ಪ್ರೊವೊಸ್ಟ್ ಮಾರ್ಷಲ್ ಎಂಬ ಅಧಿಕಾರಿಯದು. ಆ ಹುದ್ದೆಯಲ್ಲಿದ್ದವನು ಹೂಪರ್.

ಅಷ್ಟರಲ್ಲಿ ಕ್ಯಾಮೆರಾ ಬದಲಾಗಿತ್ತು. ಒಣ ಗಾಜಿನ ಹಲಗೆ ಬಂದು ಕ್ಷಣಾರ್ಧದ ಚಿತ್ರವೂ ಸಾಧ್ಯವಾಗಿತ್ತು. ಗುಂಡು ತಗುಲುವ ಗಳಿಗೆಯನ್ನೇ ಹಿಡಿಯಬೇಕೆಂದು ಹೂಪರ್ 1886ರ ಜನವರಿಯಲ್ಲಿ ಗೋಡೆಯ ಮುಂದೆ ನಿಲ್ಲಿಸಿದ ಕೈದಿಗಳತ್ತ ಕ್ಯಾಮೆರಾ ತಿರುಗಿಸಿದ. ಗುರಿ ಇಡುವ ಆಜ್ಞೆಗೂ ಗುಂಡು ಹಾರಿಸುವ ಆಜ್ಞೆಗೂ ನಡುವೆ ಕ್ಯಾಮೆರಾ ಸಜ್ಜುಗೊಳಿಸಲು ಸಮಯ ತೆಗೆದುಕೊಂಡ ಎಂಬ ವರದಿಯನ್ನು ದಿ ಟೈಮ್ಸ್ ಪತ್ರಿಕೆಯ ವರದಿಗಾರ ಎಡ್ವರ್ಡ್ ಮೊಯ್ಲನ್ ಲಂಡನ್ನಿಗೆ ಕಳಿಸಿದ. ಒಬ್ಬ ಕೈದಿಯನ್ನು ಬಂದೂಕುಗಳ ಮುಂದೆ ನಿಲ್ಲಿಸಿ ಹೆದರಿಸಿ ಹೇಳಿಕೆ ಪಡೆದ ಎಂಬ ಆರೋಪವೂ ಬಂತು.

ಸುದ್ದಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗದ್ದಲ ಎಬ್ಬಿಸಿತು. ವಿಚಾರಣೆ ನಡೆಯಿತು. ಹೂಪರ್‌ನ ನಡತೆ ನಿರ್ದಯವಾದದ್ದು, ಸೇನೆಗೆ ಕೆಟ್ಟ ಹೆಸರು ತರುವಂಥದ್ದು ಎಂಬ ತೀರ್ಮಾನವಾಯಿತು. ಶಿಕ್ಷೆ ಎಂದರೆ ಬಹಿರಂಗ ಛೀಮಾರಿ, ಕೆಲಕಾಲ ಸಂಬಳ ಕಡಿತ. ಅಷ್ಟೇ. ಮರುವರ್ಷವೇ ಬರ್ಮಾ ದಂಡಯಾತ್ರೆಯ ನೂರು ಫೋಟೊಗಳ ಆಲ್ಬಮ್ ಹೂಪರ್ ಹೆಸರಿನಲ್ಲಿ ಹೊರಬಂತು. ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ ಹೂಪರ್ 1912ರಲ್ಲಿ ತೀರಿಕೊಂಡ.

ಬರಗಾಲದ ಚಿತ್ರಕ್ಕೂ ಮಂಡಾಲೆಯ ಚಿತ್ರಕ್ಕೂ ವ್ಯತ್ಯಾಸ ಏನು? ಬರಗಾಲದಲ್ಲಿ ಫೋಟೊ ತೆಗೆದದ್ದರಿಂದ ಬರ ಹೆಚ್ಚಾಗಲಿಲ್ಲ, ಒಂದಿಷ್ಟು ನೆರವಾದರೂ ಬಂತು. ಮಂಡಾಲೆಯಲ್ಲಿ ಸಾಯಲಿದ್ದ ಮನುಷ್ಯನ ಕೊನೆಯ ಗಳಿಗೆ ಫೋಟೊಗಾಗಿ ಹಿಗ್ಗಿತು. ನೋಡುವವರ ಕುತೂಹಲ ತಣಿಸುವುದು ಬಿಟ್ಟರೆ ಅದರಿಂದ ಆ ಮನುಷ್ಯನಿಗಾಗಲಿ, ಅವನ ಮನೆಯವರಿಗಾಗಲಿ ಏನೂ ದಕ್ಕಲಿಲ್ಲ. ದುರಂತದ ಯಾವುದೇ ಚಿತ್ರವನ್ನು ಅಳೆಯಲು ನಮಗೆ ಈ ಎರಡು ಪ್ರಶ್ನೆ ಸಾಕು: ಚಿತ್ರದಲ್ಲಿರುವವರ ಸಂಕಟ ಇದರಿಂದ ಹೆಚ್ಚಿತೇ? ಅವರಿಗೆ ಇದರಿಂದ ಏನಾದರೂ ಒಳಿತಾಗುತ್ತದೆಯೇ?

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ

2017ರಲ್ಲಿ ಕೊಪ್ಪಳದಲ್ಲಿ ಬಸ್ ಡಿಕ್ಕಿ ಹೊಡೆದು ರಸ್ತೆಯಲ್ಲಿ ಬಿದ್ದಿದ್ದ ಯುವಕನೊಬ್ಬ ನೆರವಿಗಾಗಿ ಬೇಡುತ್ತಿದ್ದಾಗ ಸುತ್ತ ನಿಂತವರು ಮೊಬೈಲ್‌ನಲ್ಲಿ ಅವನನ್ನು ಚಿತ್ರೀಕರಿಸಿದರು. ಅವನು ಬದುಕಲಿಲ್ಲ. ವಿಡಿಯೊ ಮಾತ್ರ ದೇಶವೆಲ್ಲ ಓಡಾಡಿತು.

ತಪ್ಪು ವಿವರಣೆಯ ಚಿತ್ರ ಇನ್ನೂ ಅಪಾಯಕಾರಿ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ, ಸಾಲಾಗಿ ಮಲಗಿಸಿದ್ದ ಮಕ್ಕಳ ಶವಗಳ ಚಿತ್ರವೊಂದು ಭಾರತದಲ್ಲಿ ಹರಿದಾಡಿತು. ಅದು 2013ರಲ್ಲಿ ಸಿರಿಯಾದಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳದು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸಂದೇಶ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಅಮಾಯಕನೊಬ್ಬನನ್ನು ಹೊಡೆದು ಕೊಂದಿತು. ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿಯನ್ನು ವಾಟ್ಸಾಪ್ ತಂದದ್ದು ಆ ತಿಂಗಳಲ್ಲೇ.

ನೋಡುವವರ ಮನಸ್ಸಿಗೂ ಪೆಟ್ಟು ಬೀಳುತ್ತದೆ. 2013ರ ಬೋಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಮಾಡಿದರು. ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಆ ಸುದ್ದಿ, ದೃಶ್ಯಗಳನ್ನು ನೋಡಿದವರಲ್ಲಿ ಸ್ಥಳದಲ್ಲೇ ಇದ್ದವರಿಗಿಂತಲೂ ಹೆಚ್ಚು ತೀವ್ರ ಒತ್ತಡದ ಲಕ್ಷಣ ಕಂಡವು. ಮಕ್ಕಳೂ ನೋಡುವ ಫ್ಯಾಮಿಲಿ ಗ್ರೂಪ್‌ಗೆ ಶವದ ಚಿತ್ರ ಹಾಕುವ ಮುನ್ನ ಇದು ನೆನಪಿರಲಿ.

ಕಾನೂನೂ ಇದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತಿಗೆ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ.

ಫಾರ್ವರ್ಡ್ ಒತ್ತುವ ಮುನ್ನ

ನೀವು ಅಪಘಾತದ ಸ್ಥಳದಲ್ಲಿದ್ದರೆ ಮೊದಲು 108 ಅಥವಾ 112ಕ್ಕೆ ಕರೆ ಮಾಡಿ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ, ಹೆದರಬೇಕಿಲ್ಲ. ಸಾಕ್ಷಿಗಾಗಿ ವಿಡಿಯೊ ಬೇಕೇಬೇಕು ಎನಿಸಿದರೆ ಅದು ಪೊಲೀಸರಿಗೆ ತಲುಪಲಿ, ಗ್ರೂಪ್‌ಗಲ್ಲ.

ಚಿತ್ರ ನಿಮಗೆ ಬಂದದ್ದಾದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಎಲ್ಲಿಯದು, ಯಾವ ವರ್ಷದ್ದು ಎಂಬುದು ಹಲವು ಬಾರಿ ಒಂದೇ ನಿಮಿಷದಲ್ಲಿ ಸಿಗುತ್ತದೆ. ಅದು ನಿಜವೇ ಆಗಿದ್ದರೂ, ಚಿತ್ರದಲ್ಲಿರುವವರ ಮನೆಯವರಿಗೆ ಸಾವಿನ ಸುದ್ದಿ ಮುಟ್ಟಿದೆಯೇ ಎಂದು ಯೋಚಿಸಿ. ತಾಯಿಯೊಬ್ಬಳು ಮಗನ ಸಾವನ್ನು ಗ್ರೂಪಿನ ಫೋಟೊದಿಂದ ತಿಳಿಯುವಂತೆ ಆಗಬಾರದು.

ಇನ್ನು ಹೂಪರ್‌ನ ಬರಗಾಲದ ಚಿತ್ರ ಮತ್ತೆ ಬಂದರೆ ಅಳಿಸಲೇಬೇಕೆಂದಿಲ್ಲ. ಇದು 1876-78ರ ದಕ್ಷಿಣ ಭಾರತದ ಬರ, ಕಲಾದಗಿ ಜಿಲ್ಲೆಯಲ್ಲೂ ಲಕ್ಷಕ್ಕಿಂತ ಹೆಚ್ಚು ಜನ ಕಾಣೆಯಾದ ಬರ ಎಂದು ಕೆಳಗೆ ಬರೆಯಿರಿ. ಆ ಜನರ ಹೆಸರು ಯಾರೂ ಬರೆದಿಡಲಿಲ್ಲ. ಅವರ ಕಾಲ ಮತ್ತು ಊರನ್ನಾದರೂ ಸರಿಯಾಗಿ ಹೇಳೋಣ.