ಬಯಾಸ್ ಕೊಟ್ಟವನು: ಗ್ಯಾರಿ ಕಿಲ್ಡಾಲ್

ಹಾಸ್ಟೆಲ್‌ನಲ್ಲಿ ಯಾರದ್ದಾದ್ರೂ ಲ್ಯಾಪ್‌ಟಾಪ್ ಕೈಕೊಟ್ಟರೆ ಪಕ್ಕದ ರೂಮಿನವರು ಮೊದಲು ಕೊಡೋ ಸಲಹೆ, ಬಯಾಸ್‌ಗೆ ಹೋಗಿ ನೋಡು ಅನ್ನೋದು. ಆ ಬಯಾಸ್ ಅನ್ನೋ ಪದವನ್ನು ಚಲಾವಣೆಗೆ ತಂದವನು ಗ್ಯಾರಿ ಕಿಲ್ಡಾಲ್. ಅವನ ಬಗ್ಗೆ ಕೇಳಿದವರಿಗೂ ಸಾಮಾನ್ಯವಾಗಿ ಗೊತ್ತಿರೋದು ಒಂದೇ ಕಥೆ: ಐಬಿಎಂನವರು ಮನೆ ಬಾಗಿಲಿಗೆ ಬಂದಾಗ ವಿಮಾನ ಹಾರಿಸೋಕೆ ಹೋಗಿದ್ದ, ಅದೃಷ್ಟ ಕಳ್ಕೊಂಡ ಅಂತ. ಆದರೆ ಅವನ ಬದುಕಿನ ಮುಖ್ಯ ಭಾಗ ಆ ದಿನದಲ್ಲಿಲ್ಲ, ಅವನು ಎಳೆದ ಒಂದು ಗೆರೆಯಲ್ಲಿದೆ. ಒಂದೇ ಸಾಫ್ಟ್‌ವೇರ್ ಬೇರೆ ಬೇರೆ ಪ್ರೊಸೆಸರ್‌ಗಳ ಮೇಲೆ, ಬೇರೆ ಬೇರೆ ಪರದೆಗಳ ಮೇಲೆ ಓಡಬೇಕಾದರೆ ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು ಅನ್ನೋ ಗೆರೆ ಅದು.

ಗ್ಯಾರಿ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅವನ ಮನೆತನದವರು ಹಡಗಿನವರಿಗೆ ದಿಕ್ಕು ಲೆಕ್ಕ ಹಾಕೋದನ್ನು ಕಲಿಸುವ ಶಾಲೆ ನಡೆಸುತ್ತಿದ್ದರು. ಗಣಿತದ ಮೇಷ್ಟ್ರಾಗಬೇಕು ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದವನು ಕಂಪ್ಯೂಟರ್ ಕಡೆ ವಾಲಿದ. ಆಮೇಲೆ ಕ್ಯಾಲಿಫೋರ್ನಿಯಾದ ಮಾಂಟರೇ ಊರಿನ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. 1972ರಲ್ಲಿ ಪಿಎಚ್‌ಡಿ ಮುಗಿಸಿದ. ಕಂಪೈಲರ್ ಡಿಸೈನ್ ಪೇಪರ್‌ನಲ್ಲಿ ಡೇಟಾ ಫ್ಲೋ ಅನಾಲಿಸಿಸ್ ಓದ್ತೀವಲ್ಲ, ಅದಕ್ಕೆ ಗಟ್ಟಿ ಗಣಿತದ ಅಡಿಪಾಯ ಹಾಕಿದ 1973ರ ಪ್ರಬಂಧ ಇವನದೇ. ಅಂದರೆ ಇವನು ಗ್ಯಾರೇಜಿನಲ್ಲಿ ಕೂತು ಏನೋ ಮಾಡಿ ಗೆದ್ದವನಲ್ಲ, ಪಕ್ಕಾ ಥಿಯರಿ ಗೊತ್ತಿದ್ದ ಮೇಷ್ಟ್ರು.

ಆ ಹೊತ್ತಿಗೆ ಇಂಟೆಲ್ ಕಂಪನಿಯ 4004 ಚಿಪ್ ಬಂದಿತ್ತು. ಅದನ್ನು ಇಟ್ಟುಕೊಂಡು ಆಡ್ತಾ ಆಡ್ತಾ ಗ್ಯಾರಿ ಇಂಟೆಲ್‌ಗೆ ಸಲಹೆಗಾರನಾದ. ಮೈಕ್ರೋಪ್ರೊಸೆಸರ್‌ಗಳಿಗೆ ಅಸೆಂಬ್ಲಿ ಬಿಟ್ಟು ಮೇಲ್ಮಟ್ಟದ ಭಾಷೆಯಲ್ಲಿ ಬರೆಯೋಕೆ ಆಗಲಿ ಅಂತ ಪಿಎಲ್‌ಎಂ ಅನ್ನೋ ಭಾಷೆ ಮಾಡಿಕೊಟ್ಟ. 8080 ಚಿಪ್ಪಿಗೆ ಫ್ಲಾಪಿ ಡಿಸ್ಕ್ ಜೋಡಿಸಬೇಕು ಅನ್ನಿಸಿದಾಗ, ಡಿಸ್ಕಿನಲ್ಲಿ ಫೈಲ್‌ಗಳನ್ನು ನೋಡಿಕೊಳ್ಳಲು 1974ರಲ್ಲಿ ಸಿಪಿಎಂ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದ. ಇಂಟೆಲ್ ಪಿಎಲ್‌ಎಂ ತಗೊಂಡಿತು, ಸಿಪಿಎಂ ಬೇಡ ಅಂದಿತು. ಹಾಗಾಗಿ ಗ್ಯಾರಿ ಮತ್ತು ಹೆಂಡತಿ ಡೊರೊಥಿ ಸೇರಿ ಅದನ್ನು ತಾವೇ ಮಾರೋಕೆ ಶುರು ಮಾಡಿದರು. ಡಿಜಿಟಲ್ ರಿಸರ್ಚ್ ಕಂಪನಿ ಹುಟ್ಟಿದ್ದು ಹೀಗೆ. ಕೋಡ್ ಗ್ಯಾರಿಯದು, ವ್ಯವಹಾರ ಡೊರೊಥಿಯದು.

ತಲೆನೋವು ಶುರುವಾಗಿದ್ದು ಆಮೇಲೆ. ಆ ಕಾಲದಲ್ಲಿ ಒಬ್ಬೊಬ್ಬ ತಯಾರಕನ ಡಿಸ್ಕ್ ಕಂಟ್ರೋಲರ್ ಒಂದೊಂದು ಥರ. ಪ್ರತಿ ಹೊಸ ಮಷೀನಿಗೂ ಸಿಪಿಎಂನ ಒಳಗೆ ಕೈ ಹಾಕಿ ಅಲ್ಲಲ್ಲಿ ತಿದ್ದಬೇಕಿತ್ತು. ಇಮ್ಸಾಯ್ ಅನ್ನೋ ಕಂಪನಿ ತನ್ನ ಯಂತ್ರಕ್ಕೆ ಸಿಪಿಎಂ ಬೇಕು ಅಂದಾಗ ಗ್ಯಾರಿ ಮತ್ತೆ ತಿದ್ದುತ್ತಾ ಕೂರಲಿಲ್ಲ. ಹಾರ್ಡ್‌ವೇರ್‌ಗೆ ತಕ್ಕಂತೆ ಬದಲಾಗೋದನ್ನೆಲ್ಲ ಕಿತ್ತು ಒಂದು ಕಡೆ ಗುಡ್ಡೆ ಹಾಕಿದ. ಒಂದು ಅಕ್ಷರ ಓದು, ಒಂದು ಅಕ್ಷರ ಬರೆ, ಈ ಟ್ರ್ಯಾಕ್‌ಗೆ ಹೋಗು, ಈ ಸೆಕ್ಟರ್ ತಾ, ಇಂಥ ಹದಿನೈದಿಪ್ಪತ್ತು ಸಣ್ಣ ಕೆಲಸಗಳು ಅಷ್ಟೇ. ಅದಕ್ಕೆ ಬಯಾಸ್ ಅಂತ ಹೆಸರಿಟ್ಟ. ಉಳಿದ ಸಿಪಿಎಂ ಎಲ್ಲ ಮಷೀನಿನಲ್ಲೂ ಒಂದೇ. ತಯಾರಕ ತನ್ನ ಬಯಾಸ್ ತಾನೇ ಬರ್ಕೊಂಡರೆ ಸಾಕು, ಮೇಲಿನ ವರ್ಡ್‌ಸ್ಟಾರ್ ಥರದ ಪ್ರೋಗ್ರಾಂಗಳು ಹಾಗೇ ಓಡುತ್ತವೆ. ಕೆಲವೇ ವರ್ಷಗಳಲ್ಲಿ ಸಾವಿರಾರು ಮಾದರಿಯ ಕಂಪ್ಯೂಟರ್‌ಗಳ ಮೇಲೆ ಸಿಪಿಎಂ ಕೂತಿತು.

1980ರಲ್ಲಿ ಐಬಿಎಂನವರು ಬಂದರು. ಆ ಬೆಳಗ್ಗೆ ಗ್ಯಾರಿ ವಿಮಾನದಲ್ಲಿ ಹೋಗಿದ್ದು ನಿಜ, ಆದರೆ ಮೋಜಿಗಲ್ಲ, ಒಬ್ಬ ಗ್ರಾಹಕನನ್ನು ನೋಡೋಕೆ. ಐಬಿಎಂ ಮುಂದಿಟ್ಟ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಲು ಡೊರೊಥಿ ಹಿಂಜರಿದಳು. ಮಧ್ಯಾಹ್ನ ಗ್ಯಾರಿ ಬಂದು ಮಾತಾಡಿದರೂ ವ್ಯವಹಾರ ಕುದುರಲಿಲ್ಲ. ಐಬಿಎಂ ಮೈಕ್ರೋಸಾಫ್ಟ್ ಕಡೆ ಹೋಯಿತು. ಸಿಪಿಎಂ ಮಾದರಿಯಲ್ಲೇ ಟಿಮ್ ಪ್ಯಾಟರ್ಸನ್ ಬರೆದಿದ್ದ ಸಿಸ್ಟಂ ಅನ್ನು ಮೈಕ್ರೋಸಾಫ್ಟ್ ಕೊಂಡು ಡಾಸ್ ಅಂತ ಕೊಟ್ಟಿತು. ಗ್ಯಾರಿ ತಕರಾರು ಎತ್ತಿದ ಮೇಲೆ ಐಬಿಎಂ ಸಿಪಿಎಂ ಅನ್ನೂ ಮಾರಲು ಒಪ್ಪಿತು. ಆದರೆ ಡಾಸ್‌ಗೆ 40 ಡಾಲರ್, ಸಿಪಿಎಂಗೆ 240 ಡಾಲರ್. ಜನ ಯಾವುದನ್ನು ತಗೊಂಡಿರಬಹುದು ಅಂತ ಬೇರೆ ಹೇಳಬೇಕಾ?

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತೆ. ನಮ್ಮಂಥ ಎಂಜಿನಿಯರಿಂಗ್ ಮಂದಿಗೆ ನಿಜವಾದ ಸ್ವಾರಸ್ಯ ಇರೋದು ಇದರ ಮುಂದೆ. ಡಿಸ್ಕ್‌ಗೆ ಎಳೆದ ಅದೇ ಗೆರೆಯನ್ನು ಡಿಜಿಟಲ್ ರಿಸರ್ಚ್ ಗ್ರಾಫಿಕ್ಸ್‌ಗೂ ಎಳೆಯಿತು. 1980ರ ದಶಕದ ಆರಂಭದಲ್ಲಿ ಜಿಎಸ್‌ಎಕ್ಸ್ ಅನ್ನೋ ಗ್ರಾಫಿಕ್ಸ್ ಪದರ ತಂದರು. ಪರದೆ ಎಷ್ಟೇ ಅಗಲ ಇರಲಿ, ಪ್ರೋಗ್ರಾಂ ಎರಡೂ ಕಡೆ 0ಯಿಂದ 32767ರವರೆಗಿನ ಕಾಲ್ಪನಿಕ ಅಳತೆಯಲ್ಲಿ ಗೆರೆ ಎಳೆಯಬಹುದು. ಮೇಲಿನ ಭಾಗ ಅದನ್ನು ಆ ಸಾಧನದ ನಿಜವಾದ ಅಳತೆಗೆ ಇಳಿಸುತ್ತೆ, ಕೆಳಗಿನ ಡ್ರೈವರ್ ಅದನ್ನು ಪರದೆಗೋ ಪ್ರಿಂಟರ್‌ಗೋ ಪ್ಲಾಟರ್‌ಗೋ ಬೇಕಾದ ಹಾಗೆ ಮೂಡಿಸುತ್ತೆ. ಗ್ರಾಫಿಕ್ಸ್‌ಗೂ ಒಂದು ಬಯಾಸ್ ಸಿಕ್ಕ ಹಾಗಾಯಿತು.

ಇದರ ಮೇಲೆ ಕಿಟಕಿ, ಮೆನು, ಮೌಸ್ ಸೇರಿಸಿ 1985ರಲ್ಲಿ ಜೆಮ್ ಬಂತು. ಇದರ ಕೋಡ್ ಗ್ಯಾರಿ ಬರೆದಿದ್ದಲ್ಲ, ಲೀ ಲೊರೆನ್ಜೆನ್ ಮುಂದಾಳತ್ವದ ತಂಡದ್ದು. ಆದರೆ ರಚನೆಯಲ್ಲಿ ಕಾಣೋದು ಹಳೇ ಮೇಷ್ಟ್ರ ಪಾಠವೇ: ಕೆಳಗೆ ಚಿತ್ರ ಬಿಡಿಸೋ ಪದರ, ಮೇಲೆ ಕಿಟಕಿ ನೋಡಿಕೊಳ್ಳೋ ಪದರ. ಅದೇ ವರ್ಷ ಜೆಮ್ ಇಂಟೆಲ್ ಪ್ರೊಸೆಸರ್‌ನ ಪಿಸಿ ಮೇಲೂ ಓಡಿತು, ಮೋಟರೋಲಾ 68000 ಇದ್ದ ಅಟಾರಿ ಎಸ್‌ಟಿ ಮೇಲೂ ಓಡಿತು. ಹಾಗಂತ ಎಲ್ಲ ಸಲೀಸಾಗಿರಲಿಲ್ಲ. ಇಂಟೆಲ್‌ನಲ್ಲಿ ಸಂಖ್ಯೆಯ ಕೆಳ ಬೈಟ್ ಮೊದಲು, ಮೋಟರೋಲಾದಲ್ಲಿ ಮೇಲಿನ ಬೈಟ್ ಮೊದಲು. ಹಾಗಾಗಿ ಪಿಸಿಗೆ ಮಾಡಿದ ಮೆನು ಫೈಲನ್ನು ನೇರ ತಂದು ಅಟಾರಿಗೆ ಹಾಕಿದರೆ ನಡೀತಿರಲಿಲ್ಲ, ಬೈಟ್‌ಗಳನ್ನು ತಿರುಗಿಸಬೇಕಿತ್ತು. ಗೆರೆ ಎಳೆದರೂ ಅದರ ಕೆಳಗಿನಿಂದ ಹಾರ್ಡ್‌ವೇರ್ ಹೀಗೆ ಸೋರಿಕೊಂಡು ಬರುತ್ತೆ.

ಸೋರಿಕೆ ಕೋರ್ಟಿನ ಭಯದಿಂದಲೂ ಬಂತು. ಜೆಮ್ ನಮ್ಮ ಮ್ಯಾಕ್ ಥರಾನೇ ಇದೆ ಅಂತ ಆಪಲ್ ತಗಾದೆ ತೆಗೆಯಿತು. ಡಿಜಿಟಲ್ ರಿಸರ್ಚ್ ಬಗ್ಗಿತು. ಪಿಸಿಯ ಜೆಮ್ ಡೆಸ್ಕ್‌ಟಾಪ್‌ನಲ್ಲಿ ಜರುಗಿಸಲಾಗದ ಎರಡೇ ಕಿಟಕಿ ಉಳಿದವು, ಕಸದ ಬುಟ್ಟಿಯ ಚಿತ್ರವೂ ಹೋಯಿತು. ಅಟಾರಿಯ ಜೆಮ್ ಮಾತ್ರ ಇದರಿಂದ ಪಾರಾಯಿತು.

ಕಂಪನಿಯ ಇನ್ನೊಂದು ಎಳೆ ರಿಯಲ್ ಟೈಮ್ ಸಿಸ್ಟಂಗಳದ್ದು. ರಿಯಲ್ ಟೈಮ್ ಅಂದರೆ ಬರೀ ವೇಗ ಅಲ್ಲ, ಉತ್ತರ ಹೇಳಿದ ಗಡುವಿನೊಳಗೆ ಬಂದೇ ಬರಬೇಕು ಅನ್ನೋದು. ಅಂಥ ಕಡೆ ಪರದೆ ಮೇಲೆ ಕಿಟಕಿ ಬಿಡಿಸುವ ಕೆಲಸ ಕಂಟ್ರೋಲ್ ಕೆಲಸವನ್ನು ತಡೆದು ನಿಲ್ಲಿಸಬಾರದು. ಡಿಜಿಟಲ್ ರಿಸರ್ಚ್‌ನ ಫ್ಲೆಕ್ಸ್‌ಓಎಸ್ ಇಂಥ ಜಾಗಗಳಿಗೆ ಮಾಡಿದ ಮಲ್ಟಿಟಾಸ್ಕಿಂಗ್ ರಿಯಲ್ ಟೈಮ್ ಸಿಸ್ಟಂ. ಅದು ಇಂಟೆಲ್ 286, 386, ಮೋಟರೋಲಾ 68000 ಮೂರಕ್ಕೂ ಬಂತು. ಅದಕ್ಕೆಂದೇ ಎಕ್ಸ್‌ಜೆಮ್ ಅನ್ನೋ ಗ್ರಾಫಿಕ್ಸ್ ಆವೃತ್ತಿಯೂ ಇತ್ತು. ಇದರ ಹಿಂದಿನ ರೂಪವನ್ನು 286ಕ್ಕೆ ಹೊಂದಿಸುವಾಗ ಒಂದು ಪಾಠವೂ ಸಿಕ್ಕಿತು. ಮೊದಲ ಮಾದರಿ ಚಿಪ್‌ಗಳಲ್ಲಿ ಓಡುತ್ತಿದ್ದ 8086 ಎಮ್ಯುಲೇಷನ್, 1985ರಲ್ಲಿ ಬಂದ ಮುಂದಿನ ಚಿಪ್‌ನಲ್ಲಿ ಮುಗ್ಗರಿಸಿತು. ಪ್ರೊಸೆಸರ್ ಹೆಸರು ಅದೇ, ಒಳಗಿನ ಸಿಲಿಕಾನ್ ಬೇರೆ. ಇಂಟೆಲ್ ಚಿಪ್ ತಿದ್ದುವವರೆಗೆ ಕಾಯಬೇಕಾಯಿತು.

ತಮಾಷೆ ಏನಪ್ಪಾ ಅಂದರೆ, ಪಿಸಿಗೆ ಡಿಜಿಟಲ್ ರಿಸರ್ಚ್ ಅನ್ನು ಬಿಟ್ಟ ಐಬಿಎಂ, ತನ್ನ ಅಂಗಡಿ ಬಿಲ್ಲಿಂಗ್ ಯಂತ್ರಗಳಿಗೆ ಮಾತ್ರ ಇದೇ ಸಿಸ್ಟಂ ತಗೊಂಡಿತು. 4680, ಆಮೇಲೆ 4690 ಅನ್ನೋ ಹೆಸರಲ್ಲಿ ಅದು ಗ್ಯಾರಿ ತೀರಿಕೊಂಡ ಎಷ್ಟೋ ವರ್ಷಗಳ ನಂತರವೂ ಸೂಪರ್ ಮಾರ್ಕೆಟ್‌ಗಳಲ್ಲಿ ಬಿಲ್ ಹಾಕುತ್ತಿತ್ತು.

ಅಷ್ಟರಲ್ಲಿ ಗ್ಯಾರಿಯ ಮನಸ್ಸು ಬೇರೆಡೆ ಹೊರಳಿತ್ತು. ಟಿವಿಯಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಕಾರ್ಯಕ್ರಮದ ಸಹ ನಿರೂಪಕನಾಗಿದ್ದ. ಇಡೀ ವಿಶ್ವಕೋಶವನ್ನು ಸಿಡಿಯಲ್ಲಿ ತುಂಬಿಸುವ ಕೆಲಸ ಮಾಡಿದ. 1991ರಲ್ಲಿ ಡಿಜಿಟಲ್ ರಿಸರ್ಚ್ ಅನ್ನು ನೋವೆಲ್ ಕಂಪನಿ ಕೊಂಡಿತು. ದುಡ್ಡು ಬಂತು, ನೋವು ಹೋಗಲಿಲ್ಲ. 1992ರಲ್ಲಿ ತಾನು ಓದಿದ ವಿಭಾಗದ 25ನೇ ವರ್ಷದ ಸಮಾರಂಭಕ್ಕೆ ಕರೆ ಬಂದಾಗ, ಮುಖ್ಯ ಭಾಷಣ ಬಿಲ್ ಗೇಟ್ಸ್‌ದು ಅಂತ ತಿಳಿಯಿತು. ಅಲ್ಲೇ ಓದಿ ಪಿಎಚ್‌ಡಿ ಪಡೆದವನು ಕೇಳುಗರ ಸಾಲಿನಲ್ಲಿ! ಆ ಬೇಸರದಲ್ಲಿ ತನ್ನ ಕಥೆ ತಾನೇ ಬರೆಯಲು ಕೂತ. ಅದು ಅವನಿರುವಾಗ ಅಚ್ಚಾಗಲಿಲ್ಲ. 1994ರ ಜುಲೈನಲ್ಲಿ ಮಾಂಟರೇಯಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನದ ನಂತರ, 11ರಂದು ತೀರಿಕೊಂಡ. ಆಗ ಅವನಿಗೆ ಬರೀ 52.

2014ರಲ್ಲಿ ಪೆಸಿಫಿಕ್ ಗ್ರೋವ್ ಊರಿನ ಅವನ ಹಳೇ ಆಫೀಸ್ ಮನೆಯ ಮುಂದೆ ಐಇಇಇ ಸಂಸ್ಥೆ ಒಂದು ಫಲಕ ಹಾಕಿತು. ಆತ್ಮಕಥೆಯ ಮೊದಲ ಭಾಗ 2016ರಲ್ಲಿ ಎಲ್ಲರ ಕೈಗೂ ಬಂತು.

ಎಂಬೆಡೆಡ್ ಲ್ಯಾಬಿನಲ್ಲಿ ಫ್ರೀಆರ್‌ಟಿಓಎಸ್ ಮೇಲೆ ಎಲ್‌ವಿಜಿಎಲ್ ಕೂರಿಸಿ ನೋಡಿದವರಿಗೆ ಗೊತ್ತು. ಆರ್ಮ್ ಬೋರ್ಡ್ ತೆಗೆದು ರಿಸ್ಕ್‌ ಫೈವ್ ಬೋರ್ಡ್ ಇಟ್ಟರೂ ಬಟನ್, ಸ್ಲೈಡರ್ ಕೋಡ್ ಹಾಗೇ ಇರುತ್ತೆ. ನಾವು ಬರೀಬೇಕಾದ್ದು ಪಿಕ್ಸೆಲ್‌ಗಳನ್ನು ಪರದೆಗೆ ತಳ್ಳುವ ಒಂದು ಸಣ್ಣ ಫಂಕ್ಷನ್, ಟಚ್ ಓದುವ ಇನ್ನೊಂದು, ಸಮಯ ಹೇಳುವ ಮತ್ತೊಂದು. ಆ ಮೂರು ಫಂಕ್ಷನ್‌ಗಳ ಫೈಲ್‌ಗೆ ಇವತ್ತು ಯಾರೂ ಬಯಾಸ್ ಅನ್ನೋದಿಲ್ಲ, ಆದರೆ ಕೆಲಸ ಅದೇ. ವೈವಾದಲ್ಲಿ ಪೋರ್ಟಿಂಗ್ ಲೇಯರ್ ಅಂದರೇನು ಅಂತ ಕೇಳಿದರೆ, ಡೆಫಿನಿಷನ್ ಜೊತೆಗೆ ಈ ಹೆಸರನ್ನೂ ಹೇಳಿ.